ಭಯದ ಆಟದಲ್ಲಿ ಅಪಾಯವೇ ಬೇಡವೆಂದರೆ?

ಮೆಣಸಿನಕಾಯಿ ಬಜ್ಜಿಯನ್ನು ಕೇಳಿ ಕೊಂಡವನು ಖಾರವಾಯಿತೆಂದು ದೂರಿದರೆ ಅಂಗಡಿಯವನು ನಕ್ಕು ಸುಮ್ಮನಾಗಬಹುದು. ಭಯ ಹುಟ್ಟಿಸುವುದನ್ನೇ ಕಸುಬಾಗಿಸಿಕೊಂಡಿರುವ ಸಣ್ಣ ಕಂಪ್ಯೂಟರ್ ಗೇಮ್ ತಯಾರಕರಿಗೆ ಅಷ್ಟು ಸಲೀಸಾಗಿ ನಕ್ಕುಬಿಡುವ ಅನುಕೂಲವಿಲ್ಲ. ಅವರ ಗಿರಾಕಿ ದೂರಿದರೆ ಊರಿಗೆಲ್ಲ ಕೇಳಿಸುತ್ತದೆ. ಕೆಲವೊಮ್ಮೆ ಹಣವನ್ನೂ ವಾಪಸು ಪಡೆಯುತ್ತಾನೆ. ಇನ್ನೂ ಕೆಲವೊಮ್ಮೆ ಅವನೇ ಅಡುಗೆಮನೆಗೆ ನುಗ್ಗಿ ಬಜ್ಜಿಯ ಖಾರವನ್ನು ತೆಗೆದುಬಿಡುತ್ತಾನೆ.

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಸಂಸ್ಥೆಗೆ ಆದದ್ದು ಈ ಕೊನೆಯದು. 2015ರ ಸೆಪ್ಟೆಂಬರ್ 22ರಂದು ಅದು 'ಸೋಮಾ' ಎಂಬ ಆಟವನ್ನು ಬಿಡುಗಡೆ ಮಾಡಿತು. ಅಟ್ಲಾಂಟಿಕ್ ಸಾಗರದ ತಳದಲ್ಲಿರುವ ಸಂಶೋಧನಾ ನೆಲೆಯೊಂದರಲ್ಲಿ ನಡೆಯುವ ಕತೆ ಅದು. ಮನುಷ್ಯನ ಪ್ರಜ್ಞೆಯನ್ನು ಯಂತ್ರಕ್ಕೆ ನಕಲು ಮಾಡಿದರೆ ಆ ನಕಲು 'ನಾನು' ಆಗುತ್ತದೆಯೇ, ಮೂಲದವನ ಗತಿಯೇನು ಎಂಬ ಪ್ರಶ್ನೆಯ ಸುತ್ತ ಹೆಣೆದದ್ದು. ಆಡಿದವರು ಕತೆಯನ್ನು ಬಹುವಾಗಿ ಮೆಚ್ಚಿದರು. ಆದರೆ ಅವರಲ್ಲೇ ಒಂದು ವರ್ಗ ಬೇರೊಂದು ಮಾತನ್ನೂ ಹೇಳಿತು: ನೆಲೆಯ ಕೋಣೆಗಳಲ್ಲಿ ಅಡ್ಡಾಡುತ್ತ, ಸತ್ತವರ ಧ್ವನಿಮುದ್ರಿಕೆಗಳನ್ನು ಕೇಳುತ್ತ ಯೋಚನೆಯಲ್ಲಿ ಮುಳುಗಿರುವಾಗ ವಿಕೃತ ಜೀವಿಗಳು ಬೆನ್ನಟ್ಟಿ ಬರುವುದೇಕೆ? ಮೂಲೆಯಲ್ಲಿ ಅಡಗಿ ಕೂರುವುದರಿಂದ ಕತೆಗೆ ಆಗುವ ಲಾಭವೇನು?

ಇಷ್ಟಕ್ಕೇ ಸುಮ್ಮನಾಗದ ಆಟಗಾರನೊಬ್ಬ ಆ ಜೀವಿಗಳು ದಾಳಿ ಮಾಡದಂತೆ ತಡೆಯುವ ಮಾರ್ಪಾಟನ್ನು, ಗೇಮಿಂಗ್ ವಲಯದ ಮಾತಿನಲ್ಲಿ ಹೇಳುವುದಾದರೆ 'ಮಾಡ್' ಅನ್ನು, ಸ್ವತಃ ತಯಾರಿಸಿ ಸ್ಟೀಮ್ ಮಾರಾಟ ತಾಣದಲ್ಲಿ ಉಚಿತವಾಗಿ ಹಂಚಿದ. ಅದಕ್ಕೆ ಇಟ್ಟ ಹೆಸರು 'ವುಸ್ ಮೋಡ್'. ಪುಕ್ಕಲರ ಆವೃತ್ತಿ ಎನ್ನಬಹುದು. ಎರಡು ವರ್ಷಗಳ ಬಳಿಕ, 2017ರ ಡಿಸೆಂಬರ್ 1ರಂದು, 'ಸೋಮಾ' ಎಕ್ಸ್‌ಬಾಕ್ಸ್ ಒನ್‌ಗೆ ಬಂದಾಗ ಸಂಸ್ಥೆಯೇ ಅಧಿಕೃತವಾಗಿ 'ಸೇಫ್ ಮೋಡ್' ಎಂಬ ಆಯ್ಕೆಯನ್ನು ಸೇರಿಸಿತು. ಅದರಲ್ಲಿ ಜೀವಿಗಳು ಓಡಾಡುತ್ತವೆ, ಎದುರಾಗುತ್ತವೆ, ಆದರೆ ಕೊಲ್ಲುವುದಿಲ್ಲ.

ಇದನ್ನು ಗಿರಾಕಿಯ ಒತ್ತಡಕ್ಕೆ ಕಲಾವಿದ ಮಣಿದ ಪ್ರಸಂಗವೆಂದು ಟೀಕಿಸುವವರಿದ್ದಾರೆ. ಆಟಗಾರನ ಗೆಲುವೆಂದು ಹಿಗ್ಗುವವರೂ ಇದ್ದಾರೆ. ಸಂಸ್ಥೆಯ ಹಿಂದಿನ ದಾರಿಯನ್ನು ಗಮನಿಸಿದರೆ ಎರಡೂ ಅಭಿಪ್ರಾಯಗಳು ಅವಸರದವು ಎನಿಸುತ್ತದೆ.

ಸುತ್ತಿಗೆ ಕೊಟ್ಟು ಕೆಟ್ಟ ಕತೆ

ಫ್ರಿಕ್ಷನಲ್‌ನ ಮೊದಲ ಆಟ 'ಪೆನಂಬ್ರಾ: ಓವರ್ಚರ್' ಬಂದದ್ದು 2007ರಲ್ಲಿ. ಗ್ರೀನ್‌ಲ್ಯಾಂಡಿನ ಪಾಳುಬಿದ್ದ ಗಣಿಯೊಳಗೆ ಒಂಟಿಯಾಗಿ ಸಿಲುಕಿದ ವ್ಯಕ್ತಿಯ ಕತೆ. ಕೈಯಲ್ಲಿ ಸುತ್ತಿಗೆ, ಗುದ್ದಲಿ. ಎದುರಿಗೆ ಹಸಿದ ನಾಯಿಗಳು. ಮೌಸನ್ನು ಅತ್ತಿತ್ತ ಬೀಸಿ ಹೊಡೆಯಬೇಕು. ಹೊಡೆತ ತಾಗುವುದಕ್ಕಿಂತ ತಪ್ಪುವುದೇ ಹೆಚ್ಚು. ಕಾದಾಟ ಸರಿಯಿಲ್ಲವೆಂಬ ದೂರು ಎಲ್ಲೆಡೆಯಿಂದ ಬಂತು.

ಈ ದೂರಿಗೆ ಮೇಲ್ನೋಟದ ಪರಿಹಾರ ಒಂದೇ: ಕಾದಾಟವನ್ನು ಸುಧಾರಿಸುವುದು. ಹೊಡೆತ ಗುರಿಗೆ ತಾಗುವಂತೆ ಮಾಡಿ, ಇನ್ನೆರಡು ಆಯುಧ ಸೇರಿಸಿದ್ದರೆ ದೂರಿದವರಲ್ಲಿ ಬಹುಮಂದಿ ತೃಪ್ತರಾಗುತ್ತಿದ್ದರೇನೋ. ಸಂಸ್ಥೆ ಹಾಗೆ ಮಾಡಲಿಲ್ಲ. 2008ರ 'ಪೆನಂಬ್ರಾ: ಬ್ಲ್ಯಾಕ್ ಪ್ಲೇಗ್'ನಲ್ಲಿ ಆಯುಧಗಳನ್ನೇ ಕಿತ್ತುಹಾಕಿತು. ಕೈಗೆ ಸುತ್ತಿಗೆ ಕೊಟ್ಟೊಡನೆ 'ಹೊಡೆ' ಎಂದು ಆಟವೇ ಹೇಳಿದಂತಾಗುತ್ತದೆ. ಹೊಡೆಯಬಲ್ಲವನು ಎಷ್ಟೆಂದು ಹೆದರಿಯಾನು? ಆಟಗಾರರು ತೋರಿಸಿದ್ದು ನೋವಿನ ಜಾಗವನ್ನು. ಮದ್ದನ್ನು ಆರಿಸಿದವರು ವಿನ್ಯಾಸಕರು. ಈ ವ್ಯತ್ಯಾಸವನ್ನು ಹಿಡಿಯದೆ 'ಗಿರಾಕಿ ಹೇಳಿದಂತೆ ಮಾಡಿದೆವು' ಎನ್ನುವ ಸಂಸ್ಥೆಗಳೇ ಹೆಚ್ಚು.

2010ರ ಸೆಪ್ಟೆಂಬರ್ 8ರಂದು ಬಂದ 'ಅಮ್ನೇಷಿಯಾ: ದಿ ಡಾರ್ಕ್ ಡಿಸೆಂಟ್' ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. 1839ರ ಪ್ರಷ್ಯಾದ ಕೋಟೆಯೊಂದರಲ್ಲಿ ನೆನಪು ಕಳೆದುಕೊಂಡು ಎಚ್ಚರಗೊಳ್ಳುವ ಡೇನಿಯಲ್ ಎಂಬಾತನ ಬಳಿ ಇರುವುದು ಎಣ್ಣೆಯ ಲಾಂದ್ರವೊಂದೇ. ಕತ್ತಲಲ್ಲಿ ನಿಂತರೆ ಅವನ ಮತಿ ಕದಡುತ್ತದೆ, ಬೆಳಕಿನಲ್ಲಿ ನಿಂತರೆ ಬೇಟೆಯ ಜೀವಿಯ ಕಣ್ಣಿಗೆ ಬೀಳುತ್ತಾನೆ. ಜೀವಿಯನ್ನು ದಿಟ್ಟಿಸಿದರೂ ಮತಿಗೇ ಪೆಟ್ಟು. ಗೆಲ್ಲಲೆಂದು ಆಡಬೇಡಿ, ಕತೆಯೊಳಗೆ ಇಳಿಯಿರಿ ಎಂಬ ಸೂಚನೆಯನ್ನು ಆಟ ಆರಂಭದಲ್ಲೇ ನೀಡುತ್ತದೆ.

ಇಲ್ಲಿ ವಿನ್ಯಾಸಕರು ಎರಡು ಗುಟ್ಟುಗಳನ್ನು ಬಚ್ಚಿಟ್ಟಿದ್ದರು. ಮೊದಲನೆಯದು ಸಾವಿನದು. ಒಂದೇ ಜಾಗದಲ್ಲಿ ಅದೇ ಜೀವಿಯ ಕೈಗೆ ನಾಲ್ಕು ಬಾರಿ ಸಿಕ್ಕವನಿಗೆ ಐದನೆಯ ಬಾರಿ ಭಯವಿರುವುದಿಲ್ಲ, ಇರುವುದು ಬೇಸರ. ಆದ್ದರಿಂದ ಡೇನಿಯಲ್ ಸತ್ತು ಮರಳಿದಾಗ ಆಟ ಸದ್ದಿಲ್ಲದೆ ಕೆಲವೆಡೆ ಆ ಜೀವಿಯನ್ನು ತೆಗೆದುಬಿಡುತ್ತದೆ, ಕೆಲವೆಡೆ ಜಾಗ ಬದಲಿಸುತ್ತದೆ. ಎರಡನೆಯದು ಮತಿಭ್ರಮಣೆಯದು. ಪರದೆ ಓಲಾಡುತ್ತದೆ, ಹಲ್ಲು ಕಡಿಯುವ ಸದ್ದು ಕೇಳುತ್ತದೆ, ಏನೋ ಅನಾಹುತವಾಗಲಿದೆ ಎನಿಸುತ್ತದೆ. ವಾಸ್ತವದಲ್ಲಿ ಈ ವ್ಯವಸ್ಥೆಯ ಬಹುಭಾಗ ಬರೀ ಬೆದರಿಕೆ ಎಂಬುದನ್ನು ಸಂಸ್ಥೆಯ ಸಹಸಂಸ್ಥಾಪಕ ಥಾಮಸ್ ಗ್ರಿಪ್ ನಂತರದ ವರ್ಷಗಳಲ್ಲಿ ಒಪ್ಪಿಕೊಂಡರು. ಲೆಕ್ಕ ಹಾಕಿ ದಂಡ ವಿಧಿಸುವ ಯಂತ್ರ ಹಿಂದೆ ಇದೆಯೆಂದು ಆಟಗಾರ ನಂಬಿದರೆ ಸಾಕು, ಮಿಕ್ಕ ಕೆಲಸವನ್ನು ಅವನ ಕಲ್ಪನೆಯೇ ಮಾಡುತ್ತದೆ.

ಆಟಗಾರರ ಪ್ರತಿಕ್ರಿಯೆಯನ್ನು ಅಕ್ಷರಶಃ ಪಾಲಿಸುವುದರಲ್ಲಿರುವ ಅಪಾಯ ಇಲ್ಲಿ ಸ್ಪಷ್ಟವಾಗುತ್ತದೆ. ಮತಿ ಎಷ್ಟಕ್ಕಿಳಿದರೆ ಏನಾಗುತ್ತದೆ, ಜೀವಿ ಎಷ್ಟು ದೂರದಿಂದ ಕಾಣಬಲ್ಲದು, ಸತ್ತರೆ ನಷ್ಟವೇನು ಎಂಬುದನ್ನೆಲ್ಲ ಸ್ಪಷ್ಟಪಡಿಸಿ ಎಂದು ಕೇಳುವುದು ಬೇರೆ ಯಾವುದೇ ಬಗೆಯ ಆಟದಲ್ಲಿ ನ್ಯಾಯವಾದ ಬೇಡಿಕೆ. ಭಯದ ಆಟದಲ್ಲಿ ಅದನ್ನು ಪೂರೈಸಿದ ದಿನವೇ ಭಯ ಮುಗಿಯುತ್ತದೆ. ನಿಯಮ ಗೊತ್ತಾದ ದೆವ್ವಕ್ಕೆ ಯಾರೂ ಹೆದರುವುದಿಲ್ಲ.

ಅದೇ ಮದ್ದು, ಬೇರೆ ಫಲ

ಕಳಚುವುದೇ ಸುಧಾರಣೆಯೆಂಬ ತೀರ್ಮಾನಕ್ಕೂ ಬರುವಂತಿಲ್ಲ. 2013ರಲ್ಲಿ ಬ್ರಿಟನ್ನಿನ ದಿ ಚೈನೀಸ್ ರೂಮ್ ಸಂಸ್ಥೆ ಫ್ರಿಕ್ಷನಲ್‌ಗಾಗಿ 'ಅಮ್ನೇಷಿಯಾ: ಎ ಮಷೀನ್ ಫಾರ್ ಪಿಗ್ಸ್' ತಯಾರಿಸಿದಾಗ ಮತಿಯ ಲೆಕ್ಕವನ್ನೂ ವಸ್ತುಗಳ ಸಂಚಿಯನ್ನೂ ತೆಗೆಯಿತು, ಎಣ್ಣೆ ಮುಗಿಯುವ ಲಾಂದ್ರದ ಜಾಗದಲ್ಲಿ ಎಂದೂ ಆರದ ವಿದ್ಯುತ್ ದೀಪವನ್ನಿಟ್ಟಿತು. ಬರವಣಿಗೆಯನ್ನು ಮೆಚ್ಚಿದವರೇ ಆಟದ ಬಗ್ಗೆ ಗೊಣಗಿದರು. ಎಣ್ಣೆ ಮುಗಿದೀತೆಂಬ ಚಿಂತೆ ಹೋದೊಡನೆ ಭಯದ ದೊಡ್ಡ ಪಾಲೂ ಹೋಗಿತ್ತು. 2008ರಲ್ಲಿ ಸುತ್ತಿಗೆಯನ್ನು ಕಿತ್ತುಕೊಂಡಾಗ ಆಟಗಾರ ದುರ್ಬಲನಾದ. 2013ರಲ್ಲಿ ಎಣ್ಣೆಯ ಚಿಂತೆಯನ್ನು ಕಿತ್ತುಕೊಂಡಾಗ ನಿಶ್ಚಿಂತನಾದ.

ಈ ಹಿನ್ನೆಲೆಯಲ್ಲಿ 'ಸೇಫ್ ಮೋಡ್' ನಿರ್ಧಾರವನ್ನು ನೋಡಬೇಕು. 'ಡಾರ್ಕ್ ಡಿಸೆಂಟ್'ನಲ್ಲಿ ಇಂತಹ ಆಯ್ಕೆ ಕೊಟ್ಟಿದ್ದರೆ ಉಳಿಯುತ್ತಿದ್ದುದು ಖಾಲಿ ಕೋಟೆ. 'ಸೋಮಾ'ದ ಭಯ ಇರುವುದು ಬೆನ್ನಟ್ಟುವ ಜೀವಿಯಲ್ಲಲ್ಲ. ತಾನು ಯಾರೆಂಬ ಪ್ರಶ್ನೆಗೆ ಕಥಾನಾಯಕ ಸೈಮನ್‌ಗೆ ಸಿಗುವ ಉತ್ತರದಲ್ಲಿದೆ. ಇನ್ನೊಂದು ಪ್ರಜ್ಞೆಯ ಜೀವವನ್ನು ಉಳಿಸಬೇಕೋ ಆರಿಸಬೇಕೋ ಎಂದು ಗುಂಡಿಯ ಮುಂದೆ ನಿಲ್ಲಿಸುವ ಗಳಿಗೆಗಳಲ್ಲಿದೆ. ಜೀವಿಗಳ ಹಲ್ಲು ಕಿತ್ತರೂ ಆ ಗುಂಡಿಯ ಮುಂದೆ ಕೈ ನಡುಗುತ್ತದೆ. ಮಾಡ್ ತಯಾರಿಸಿದ ಆಟಗಾರ ಈ ಸತ್ಯವನ್ನು ಸಂಸ್ಥೆಗಿಂತ ಮೊದಲೇ ಕಂಡನೆಂದು ಹೇಳಲು ಅಡ್ಡಿಯಿಲ್ಲ. ಸಂಸ್ಥೆಯೂ ಜಾಣತನದಿಂದ ಮೂಲ ಆಟವನ್ನು ಮುಟ್ಟಲಿಲ್ಲ, ಆಯ್ಕೆಯನ್ನು ಪಕ್ಕದಲ್ಲಿಟ್ಟಿತು. ಎರಡು ವರ್ಷ ಕಾದದ್ದೂ ಒಳ್ಳೆಯದೇ ಆಯಿತು. ಬಿಡುಗಡೆಯ ದಿನವೇ ಆ ಆಯ್ಕೆಯಿದ್ದಿದ್ದರೆ ಬಹಳ ಮಂದಿ ಹೆದರಿಕೆಯ ರುಚಿ ನೋಡುವ ಮೊದಲೇ ಅದನ್ನು ಒತ್ತುತ್ತಿದ್ದರು.

ಇದಕ್ಕೆ ತದ್ವಿರುದ್ಧವಾದ ಬೆಳವಣಿಗೆಯೂ ಬೆನ್ನಿಗೇ ನಡೆಯಿತು. 2018ರಲ್ಲಿ ಹಳೆಯ 'ಡಾರ್ಕ್ ಡಿಸೆಂಟ್'ಗೆ 'ಹಾರ್ಡ್ ಮೋಡ್' ಬಂತು. ಅದರಲ್ಲಿ ಮತಿ ಶೂನ್ಯಕ್ಕಿಳಿದರೆ ಸಾವು ಖಚಿತ. ಆಟವನ್ನು ಉಳಿಸಿಡಬೇಕಾದರೆ ನಾಲ್ಕು ಬೆಂಕಿಪೆಟ್ಟಿಗೆಗಳನ್ನು ತೆರಬೇಕು. ಎಂಟು ವರ್ಷ ಬರೀ ಬೆದರಿಕೆಯಾಗಿದ್ದದ್ದು ಗುಟ್ಟು ಬಲ್ಲ ಹಳೆಯ ಆಟಗಾರರ ಪಾಲಿಗೆ ನಿಜವಾಯಿತು.

ಹೊಗಳಿಕೆಯೊಂದಿಗೆ ಹಣವೂ ವಾಪಸು

ಪ್ರತಿಕ್ರಿಯೆಯೆಂದರೆ ಬರೀ ಮಾತಲ್ಲ. 2015ರ ಜೂನ್‌ನಿಂದ ಸ್ಟೀಮ್‌ನಲ್ಲಿ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ ಆಟವನ್ನು ಹಿಂದಿರುಗಿಸಿ ಹಣ ಪಡೆಯಬಹುದು. ಗ್ರಾಹಕರಿಗೆ ಇದು ದೊಡ್ಡ ರಕ್ಷಣೆ. ಆದರೆ ಒಬ್ಬಿಬ್ಬರೇ ತಯಾರಿಸುವ ಭಯದ ಆಟಗಳು ಸಾಮಾನ್ಯವಾಗಿ ಚಿಕ್ಕವು. ಚಿಕ್ಕದಾಗಿರುವುದರಿಂದಲೇ ಅವುಗಳ ಬಿಗಿ ಉಳಿಯುತ್ತದೆ. 2021ರ ಆಗಸ್ಟ್‌ನಲ್ಲಿ ಎಮಿಕಾ ಗೇಮ್ಸ್ ಎಂಬ ಹೆಸರಿನಲ್ಲಿ ದುಡಿಯುತ್ತಿದ್ದ ತಯಾರಕರು ತಮ್ಮ 'ಸಮ್ಮರ್ ಆಫ್ 58' ಆಟದ ಬಳಿಕ ಅನಿರ್ದಿಷ್ಟ ಕಾಲ ಕಸುಬನ್ನೇ ಬಿಡುವುದಾಗಿ ಪ್ರಕಟಿಸಿದರು. ಆಟಕ್ಕೆ ಬಂದ ವಿಮರ್ಶೆಗಳು ಚೆನ್ನಾಗಿದ್ದವು. ಹಾಗಿದ್ದೂ ಬಹಳ ಮಂದಿ ಹಣ ಹಿಂಪಡೆದಿದ್ದರು. ಆಟ ಎರಡು ಗಂಟೆಗಿಂತ ಚಿಕ್ಕದಾಗಿದ್ದದ್ದೇ ಇದಕ್ಕೆ ಕಾರಣವೆಂಬುದು ಅವರ ಅಳಲಾಗಿತ್ತು. ಸುದ್ದಿ ಹಬ್ಬಿ ಸಹಾನುಭೂತಿ ಹರಿದುಬಂತು, ನಿಜ. ಇಂತಹ ನಿಯಮದಡಿ ತಯಾರಕನಿಗೆ ಹೊಳೆಯುವ ಸುಲಭ ಉಪಾಯವೆಂದರೆ ಎರಡು ಗಂಟೆ ದಾಟುವ ತನಕ ಆಟವನ್ನು ಎಳೆಯುವುದು: ಇನ್ನೊಂದು ಬೀಗ, ಇನ್ನೊಂದು ಕೀಲಿ, ಇನ್ನೊಂದು ಉದ್ದನೆಯ ಕತ್ತಲ ಓಣಿ. ದೂರೊಂದಕ್ಕೆ ಉತ್ತರಿಸಬಹುದು, ವಾಪಸಾದ ಹಣಕ್ಕೆ ಉತ್ತರಿಸುವುದು ಕಷ್ಟ.

ಫ್ರಿಕ್ಷನಲ್ ಈ ಹೊತ್ತಿಗೆ ಹೆಸರು ಮಾಡಿದ್ದ ಸಂಸ್ಥೆಯಾದ್ದರಿಂದ ಪ್ರಯೋಗಕ್ಕೆ ಕೈಹಾಕಲು ಅವಕಾಶವಿತ್ತು. 2023ರ ಜೂನ್‌ನಲ್ಲಿ ಬಂದ 'ಅಮ್ನೇಷಿಯಾ: ದಿ ಬಂಕರ್' ಮೊದಲ ಮಹಾಯುದ್ಧದ ಕಾಲದ ಫ್ರೆಂಚ್ ಸೈನಿಕನೊಬ್ಬನನ್ನು ನೆಲದಡಿಯ ಬಂಕರ್‌ನಲ್ಲಿ ಒಂದೇ ಒಂದು ಜೀವಿಯೊಂದಿಗೆ ಬಂಧಿಸುತ್ತದೆ. ಅವನ ಕೈಯಲ್ಲಿ ರಿವಾಲ್ವರ್! ಹದಿನೈದು ವರ್ಷಗಳ ಹಿಂದೆ ಕಿತ್ತುಹಾಕಿದ ಆಯುಧ ಹೀಗೆ ಮರಳಿತು. ಆದರೆ ಗುಂಡುಗಳು ಬೆರಳೆಣಿಕೆಯಷ್ಟು, ಹೊಡೆದರೂ ಜೀವಿ ಸಾಯುವುದಿಲ್ಲ, ಸ್ವಲ್ಪ ಹೊತ್ತು ಹಿಮ್ಮೆಟ್ಟುತ್ತದೆ. ಗುಂಡಿನ ಸದ್ದೇ ಅದಕ್ಕೆ ಆಹ್ವಾನ. ಜನರೇಟರಿನ ಇಂಧನ ಮುಗಿದರೆ ಬಂಕರ್ ಕತ್ತಲಾಗುತ್ತದೆ. ಎಣ್ಣೆಯ ಚಿಂತೆ ಕೂಡ ಬೇರೆ ರೂಪದಲ್ಲಿ ವಾಪಸಾಗಿತ್ತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಈ ಆಟಕ್ಕೆ 'ಶೆಲ್ ಶಾಕ್ಡ್' ಎಂಬ ಹೆಚ್ಚು ಕಠಿಣ ಆವೃತ್ತಿಯೂ, ಕಷ್ಟದ ಪ್ರಮಾಣವನ್ನು ಆಟಗಾರನೇ ಹೊಂದಿಸಿಕೊಳ್ಳಬಹುದಾದ 'ಕಸ್ಟಮ್ ಮೋಡ್' ಕೂಡ ಸೇರಿದವು.