ವೈಫೈ ಕಂಟ್ರೋಲರ್ ನಮ್ಮ ಹಾಸ್ಟೆಲ್‌ನಲ್ಲೇ ಇದ್ದರೆ ಇಂಟರ್ನೆಟ್ ವೇಗ ಹೆಚ್ಚುತ್ತದೆಯೇ?

ಕಾಲೇಜು ಗ್ರೂಪ್‌ಗಳಲ್ಲಿ ಆಗಾಗ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು, "ಕಂಟ್ರೋಲರ್ ಆಡಳಿತ ಕಚೇರಿಯಲ್ಲಿದೆ, ಅದಕ್ಕೇ ಹಾಸ್ಟೆಲ್‌ಗೆ ಸಿಗ್ನಲ್ ಬರುತ್ತಿಲ್ಲ, ಇಲ್ಲಿಗೆ ತರಿಸಿ". ಇನ್ನೊಂದು ಇದಕ್ಕೆ ಪೂರ್ತಿ ಉಲ್ಟಾ: "ಕಂಟ್ರೋಲರ್‌ನಿಂದ ಭಾರೀ ವಿಕಿರಣ ಹೊರಬರುತ್ತದೆ, ನಮ್ಮ ಕಟ್ಟಡದಿಂದ ತೆಗೆಸಿ". ಎರಡೂ ತಪ್ಪು. ಆದರೆ ಕಂಟ್ರೋಲರ್ ಎಲ್ಲಿರಬೇಕು ಎಂಬ ಪ್ರಶ್ನೆ ಮಾತ್ರ ನಿಜಕ್ಕೂ ಮುಖ್ಯವಾದದ್ದು. ಆನ್‌ಲೈನ್ ಪರೀಕ್ಷೆಯ ಮಧ್ಯೆ ಇಡೀ ಕ್ಯಾಂಪಸ್ಸಿನ ವೈಫೈ ನಿಂತುಹೋದರೆ ಅದರ ಬೆಲೆ ಏನೆಂದು ವಿದ್ಯಾರ್ಥಿಗಳಿಗೆ ಗೊತ್ತು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕಂಟ್ರೋಲರ್ ಎಂದರೇನು?

ನಮ್ಮ ಮನೆಯಲ್ಲಿರುವ ಪುಟ್ಟ ವೈಫೈ ರೂಟರ್ ಎಲ್ಲ ಕೆಲಸವನ್ನೂ ತಾನೇ ಮಾಡುತ್ತದೆ. ದೊಡ್ಡ ಕ್ಯಾಂಪಸ್ಸಿನಲ್ಲಿ ಹಾಗಲ್ಲ. ಅಲ್ಲಿ ಸಾಲುಮನೆಯ ಹೆಂಚಿನಂತೆ ನೂರಾರು ಆಕ್ಸೆಸ್ ಪಾಯಿಂಟ್‌ಗಳು ಇರುತ್ತವೆ. ಸೀಲಿಂಗ್‌ಗೆ ಅಂಟಿಕೊಂಡಿರುವ, ಸಣ್ಣ ದೀಪ ಮಿನುಗುವ ಬಿಳಿ ಡಬ್ಬಿಗಳೇ ಅವು. ನಮ್ಮ ಫೋನ್ ರೇಡಿಯೋ ಅಲೆಗಳ ಮೂಲಕ ಮಾತನಾಡುವುದು ಈ ಡಬ್ಬಿಯ ಜೊತೆ ಮಾತ್ರ.

ಈ ಡಬ್ಬಿಗಳಿಗೆಲ್ಲ ಮೇಸ್ತ್ರಿಯೇ ಕಂಟ್ರೋಲರ್. ಯಾವ ಡಬ್ಬಿ ಯಾವ ಚಾನೆಲ್ ಬಳಸಬೇಕು, ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬೇಕು, ಒಂದು ಕಟ್ಟಡದಿಂದ ಇನ್ನೊಂದಕ್ಕೆ ನಡೆದುಹೋಗುವ ಫೋನನ್ನು ಹೇಗೆ ಸಂಭಾಳಿಸಬೇಕು ಎಂದೆಲ್ಲ ಹೇಳುವುದು ಅದರ ಕೆಲಸ. ಈ ಮಾತುಕತೆ ನಡೆಯುವುದು ತಂತಿ ಅಥವಾ ಫೈಬರ್ ಮೂಲಕ. ಇದಕ್ಕಾಗಿ ಬಳಸುವ 'ಕ್ಯಾಪ್‌ವ್ಯಾಪ್' ಎಂಬ ನಿಯಮಾವಳಿ 2009ರಲ್ಲಿ ಪ್ರಕಟವಾಯಿತು.

ಅಂದಮೇಲೆ ಎರಡನೇ ಫಾರ್ವರ್ಡ್‌ಗೆ ಉತ್ತರ ಇಲ್ಲೇ ಸಿಕ್ಕಿತು. ಕ್ಯಾಂಪಸ್ಸಿನ ಸರ್ವರ್ ಕೋಣೆಯಲ್ಲಿರುವ ಕಂಟ್ರೋಲರ್‌ಗೆ ಸಾಮಾನ್ಯವಾಗಿ ಆಂಟೆನಾವೇ ಇರುವುದಿಲ್ಲ. ಅದು ರ‍್ಯಾಕಿನಲ್ಲಿ ಕೂತಿರುವ ಒಂದು ಕಂಪ್ಯೂಟರ್ ಅಷ್ಟೇ. ಅದು ಫ್ಯಾನ್ ಸದ್ದು ಮಾಡುತ್ತದೆ, ವೈಫೈ ಅಲೆ ಹೊರಡಿಸುವುದಿಲ್ಲ.

ಹತ್ತಿರವಿದ್ದರೆ ವೇಗವೇ?

ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಸುಮಾರು 400 ಎಕರೆಯದ್ದು. ಅಂಥ ಕ್ಯಾಂಪಸ್ಸಿನಲ್ಲಿ 2 ಕಿಲೋಮೀಟರ್ ಫೈಬರ್ ಎಳೆದರೂ ಸಂಕೇತ ಹೋಗಿ ಬರಲು ಬೇಕಾದ ಸಮಯ 20 ಮೈಕ್ರೋಸೆಕೆಂಡ್, ಅಂದರೆ ಒಂದು ಸೆಕೆಂಡಿನ 50 ಸಾವಿರದ ಒಂದು ಭಾಗ. ಇಷ್ಟು ಚಿಕ್ಕ ವ್ಯತ್ಯಾಸ ನಮ್ಮ ಅನುಭವಕ್ಕೇ ಬರುವುದಿಲ್ಲ. ಕಂಟ್ರೋಲರ್ ಪಕ್ಕದ ಕೋಣೆಯಲ್ಲಿದ್ದರೂ ಒಂದೇ, ಕ್ಯಾಂಪಸ್ಸಿನ ಆ ತುದಿಯಲ್ಲಿದ್ದರೂ ಒಂದೇ.

ಹಾಗಾದರೆ ಜಾಗ ಏಕೆ ಮುಖ್ಯ?

ಮುಖ್ಯವಾಗುವುದು ದೂರವಲ್ಲ, ದಾರಿ. ಅನೇಕ ಕ್ಯಾಂಪಸ್‌ಗಳಲ್ಲಿ ನಮ್ಮ ಫೋನಿನ ಪ್ರತಿಯೊಂದು ಬೈಟ್ ಡೇಟಾ ಕೂಡ ಮೊದಲು ಕಂಟ್ರೋಲರ್‌ಗೆ ಹೋಗಿ, ಅಲ್ಲಿಂದ ಇಂಟರ್ನೆಟ್‌ಗೆ ಹೊರಡುತ್ತದೆ.

ಒಂದು ಉದಾಹರಣೆ ನೋಡೋಣ. ಸಂಜೆ ಹೊತ್ತು ಕ್ಯಾಂಪಸ್ಸಿನ 400 ಮಂದಿ ತಲಾ 5 ಎಂಬಿಪಿಎಸ್‌ನ ವಿಡಿಯೋ ನೋಡುತ್ತಿದ್ದಾರೆ ಎಂದುಕೊಳ್ಳಿ. ಒಟ್ಟು 2 ಜಿಬಿಪಿಎಸ್. ಇಂಟರ್ನೆಟ್ ಸಂಪರ್ಕ ಮುಖ್ಯ ಸರ್ವರ್ ಕೋಣೆಗೆ ಬರುತ್ತದೆ. ಕಂಟ್ರೋಲರ್ ಕೂಡ ಅಲ್ಲೇ ಇದ್ದರೆ ಡೇಟಾ ಹೇಗೂ ಬರಬೇಕಾದ ಜಾಗಕ್ಕೇ ಬರುತ್ತದೆ, ಸುತ್ತುದಾರಿ ಇಲ್ಲ. ಅದನ್ನು ಹಾಸ್ಟೆಲ್‌ಗೆ ತಂದಿಟ್ಟರೆ ಏನಾಗುತ್ತದೆ? ಗ್ರಂಥಾಲಯ, ಪ್ರಯೋಗಾಲಯಗಳ ಡೇಟಾ ಸಹ ಹಾಸ್ಟೆಲ್‌ನ ಫೈಬರ್‌ನೊಳಗೆ ಬಂದು, ಅದೇ ಫೈಬರ್‌ನಲ್ಲಿ ಮತ್ತೆ ಹೊರಡಬೇಕು. ಆ ಫೈಬರ್ 1 ಜಿಬಿಪಿಎಸ್‌ನದ್ದಾದರೆ ಅದು ಕಿಕ್ಕಿರಿಯುತ್ತದೆ. ಮೈಸೂರಿನಿಂದ ಮಂಡ್ಯಕ್ಕೆ ಹೋಗುವವರು ಮೊದಲು ಹುಣಸೂರಿಗೆ ಹೋಗಿ ಬಂದಂತೆ! ಅಂದರೆ ವೇಗ ಹೆಚ್ಚಲೆಂದು ತಂದ ಕಂಟ್ರೋಲರ್ ಎಲ್ಲರ ವೇಗವನ್ನೂ ಇಳಿಸಬಹುದು, ಹಾಸ್ಟೆಲ್‌ನವರದ್ದನ್ನೂ ಸೇರಿಸಿ.

ಇನ್ನು ಪ್ರತಿ ಕಟ್ಟಡಕ್ಕೂ ಒಂದೊಂದು ಕಂಟ್ರೋಲರ್ ಇಟ್ಟರೆ? ಖರ್ಚು ಹೆಚ್ಚುತ್ತದೆ. ಜೊತೆಗೆ ಕಟ್ಟಡದಿಂದ ಕಟ್ಟಡಕ್ಕೆ ನಡೆಯುವಾಗ ನಮ್ಮ ಫೋನನ್ನು ಒಂದು ಕಂಟ್ರೋಲರ್ ಇನ್ನೊಂದಕ್ಕೆ ಒಪ್ಪಿಸಬೇಕು. ಅದು ಸರಿಯಾಗಿ ಹೊಂದಿಕೆಯಾಗದಿದ್ದರೆ ವಿಡಿಯೋ ಕರೆ ನಡುವೆಯೇ ಕಡಿದುಹೋಗುತ್ತದೆ.

ದೂರದ ಕೇಂದ್ರಗಳ ಕಥೆ ಬೇರೆ

ಮುಖ್ಯ ಕ್ಯಾಂಪಸ್ ಒಂದೂರಿನಲ್ಲಿ, ಸ್ನಾತಕೋತ್ತರ ಕೇಂದ್ರ ಬೇರೆ ಜಿಲ್ಲೆಯಲ್ಲಿ ಇದ್ದರೆ ಲೆಕ್ಕ ಬದಲಾಗುತ್ತದೆ. ನಡುವಿನ ಸಂಪರ್ಕ ಕಿರಿದಾಗಿರಬಹುದು, ಆಗಾಗ ಕಡಿಯಬಹುದು. ಪಕ್ಕದ ಮೇಜಿನ ಪ್ರಿಂಟರ್‌ಗೆ ಕಳಿಸಿದ ಪುಟ ಇನ್ನೊಂದು ಜಿಲ್ಲೆ ಸುತ್ತಿ ಬರುವುದರಲ್ಲಿ ಅರ್ಥವಿಲ್ಲ. ಅಂಥ ಕಡೆ ಡೇಟಾವನ್ನು ಸ್ಥಳೀಯವಾಗಿಯೇ ಸಾಗಿಸಿ, ಆದೇಶಗಳನ್ನಷ್ಟೇ ಕಂಟ್ರೋಲರ್‌ನಿಂದ ಪಡೆಯುವಂತೆ ಡಬ್ಬಿಗಳನ್ನು ಹೊಂದಿಸುತ್ತಾರೆ. ಸಂಪರ್ಕ ಕಡಿದರೂ ಈಗಾಗಲೇ ಸೇರಿಕೊಂಡ ಫೋನುಗಳು ಸ್ಥಳೀಯ ಜಾಲದಲ್ಲಿ ಉಳಿಯುತ್ತವೆ. ಆದರೆ ಪಾಸ್‌ವರ್ಡ್ ಪರಿಶೀಲನೆ ಮುಖ್ಯ ಕ್ಯಾಂಪಸ್ಸಿನಲ್ಲೇ ನಡೆಯುವುದಾದರೆ ಹೊಸಬರಿಗೆ ಲಾಗಿನ್ ಆಗುವುದಿಲ್ಲ. ಪರೀಕ್ಷೆಯ ದಿನ ಇದೇ ದೊಡ್ಡ ತಲೆನೋವು, ಏಕೆಂದರೆ ಅಂದು ಎಲ್ಲರೂ ಹೊಸದಾಗಿ ಲಾಗಿನ್ ಆಗುವವರೇ.

ನಿಜವಾಗಿ ಕೇಳಬೇಕಾದ ಪ್ರಶ್ನೆ

"ಕಂಟ್ರೋಲರ್ ಎಲ್ಲಿದೆ?" ಎಂಬುದಕ್ಕಿಂತ "ಎರಡನೆಯದು ಎಲ್ಲಿದೆ?" ಎಂದು ಕೇಳುವುದು ಹೆಚ್ಚು ಉಪಯುಕ್ತ. ಒಂದೇ ಕಂಟ್ರೋಲರ್ ಇದ್ದು ಅದು ಕೆಟ್ಟರೆ ಇಡೀ ಕ್ಯಾಂಪಸ್ ಕತ್ತಲಾಗಬಹುದು. ಎರಡಿದ್ದರೂ ಒಂದೇ ರ‍್ಯಾಕಿನಲ್ಲಿ, ಒಂದೇ ಯುಪಿಎಸ್ ಮೇಲೆ ಇದ್ದರೆ ಲಾಭ ಅರ್ಧಕ್ಕರ್ಧ. ಎಸಿಯ ನೀರು ಸೋರಿದರೆ ಎರಡೂ ಒದ್ದೆ, ಯುಪಿಎಸ್ ಕೈಕೊಟ್ಟರೆ ಎರಡೂ ಆಫ್. ಇಂಟರ್ನೆಟ್ ಬರುವ ಮುಖ್ಯ ಕೋಣೆಯಲ್ಲಿ ಒಂದು, ಬೇರೆ ಕಟ್ಟಡದಲ್ಲಿ ಬೇರೆ ವಿದ್ಯುತ್ ಹಾಗೂ ಬೇರೆ ಫೈಬರ್ ದಾರಿಯೊಂದಿಗೆ ಇನ್ನೊಂದು ಇರುವುದು ಒಳ್ಳೆಯ ವ್ಯವಸ್ಥೆ. ಎರಡೂ ಫೈಬರ್ ಒಂದೇ ಗುಂಡಿಯಲ್ಲಿ ಹಾದುಹೋಗಿದ್ದರೆ ಒಂದು ಜೆಸಿಬಿ ಸಾಕು!

ನಿಮ್ಮ ಕ್ಯಾಂಪಸ್ಸಿನ ತೊಂದರೆ ಎಲ್ಲಿದೆ?

ದೂರು ಕೊಡುವ ಮುನ್ನ ಇಷ್ಟು ಗಮನಿಸಿ.

ಫೋನಿನಲ್ಲಿ ಸಿಗ್ನಲ್ ಕಡ್ಡಿಗಳೇ ಕಡಿಮೆ ಇದ್ದರೆ, ಹತ್ತಿರದಲ್ಲಿ ಆಕ್ಸೆಸ್ ಪಾಯಿಂಟ್ ಇಲ್ಲ ಅಥವಾ ನಡುವೆ ದಪ್ಪ ಗೋಡೆಯಿದೆ. ಕಂಟ್ರೋಲರ್ ಸ್ಥಳಾಂತರಿಸಿದರೆ ಇದು ಸರಿಹೋಗದು.

ಕಡ್ಡಿಗಳು ತುಂಬಿದ್ದು ಸಂಜೆ ಮಾತ್ರ ನಿಧಾನವಾಗಿದ್ದರೆ, ಒಂದೇ ಡಬ್ಬಿಗೆ ಹೆಚ್ಚು ಜನ ಸೇರಿದ್ದಾರೆ ಅಥವಾ ಇಂಟರ್ನೆಟ್ ಸಂಪರ್ಕದ ಸಾಮರ್ಥ್ಯ ಸಾಲುತ್ತಿಲ್ಲ.

ಎಲ್ಲ ಕಟ್ಟಡಗಳಲ್ಲೂ ಒಮ್ಮೆಲೇ ನಿಂತರೆ, ಆಗ ಕಂಟ್ರೋಲರ್ ಅಥವಾ ಮುಖ್ಯ ಸರ್ವರ್ ಕೋಣೆಯ ಮೇಲೆ ಅನುಮಾನ ಪಡಬಹುದು.

ಈ ಮೂರರಲ್ಲಿ ನಿಮ್ಮದು ಯಾವುದು, ಯಾವ ಕೋಣೆ, ಎಷ್ಟು ಗಂಟೆಗೆ ಎಂದು ಬರೆದುಕೊಟ್ಟರೆ ತಂತ್ರಜ್ಞರಿಗೆ ದಾರಿ ಸಿಗುತ್ತದೆ. "ಕಂಟ್ರೋಲರ್ ನಮಗೆ ಕೊಡಿ" ಎಂಬ ಬೇಡಿಕೆಯನ್ನು ಕಾಲೇಜು ಒಪ್ಪಿದರೆ ಹಣ ಖರ್ಚಾಗುತ್ತದೆ, ಮೂಲೆಯ ಕೋಣೆಯಲ್ಲಿ ಸಿಗ್ನಲ್ ಮಾತ್ರ ಹಾಗೆಯೇ ಉಳಿಯುತ್ತದೆ. ಮುಂದಿನ ಬಾರಿ ಆ ಫಾರ್ವರ್ಡ್ ಬಂದಾಗ ಮುಂದಕ್ಕೆ ಕಳಿಸುವ ಮೊದಲು ತಲೆಯೆತ್ತಿ ಸೀಲಿಂಗ್ ನೋಡಿ. ಬಿಳಿ ಡಬ್ಬಿ ಕಾಣಿಸದಿದ್ದರೆ, ಕೇಳಬೇಕಾದದ್ದು ಅದನ್ನೇ.