ಗಾಡಿ ಕಾಯಲಿ

ಜನವರಿಯ ನಸುಕಿನಲ್ಲಿ ಶಹಾಪುರದ ಹತ್ತಿ ಮಿಲ್ಲುಗಳ ಕಡೆ ನಡೆದುಹೋದರೆ ಹಕ್ಕಿಗಿಂತ ಮೊದಲು ಲಾರಿಗಳ ಗುಡುಗುಡು ಕಿವಿಗೆ ಬೀಳುತ್ತದೆ. ಡ್ರೈವರ್ ಬೇವಿನ ಕಡ್ಡಿ ಜಗಿಯುತ್ತಿರುತ್ತಾನೆ, ಕ್ಲೀನರ್ ಗಾಜು ಒರೆಸುತ್ತಿರುತ್ತಾನೆ, ಗಾಡಿ ನಿಂತಲ್ಲೇ ಅರ್ಧ ತಾಸು ಡೀಸೆಲ್ ಕುಡಿಯುತ್ತದೆ. ಯಾಕಪ್ಪಾ ಎಂದು ಕೇಳಿದರೆ, ‘ಭಾಳ ಥಂಡಿ ಅದರಿ ಸರ, ಇಂಜಿನ್ ಗರಂ ಆಗ್ಲಿ’ ಎಂಬ ಉತ್ತರ.

ನಮ್ಮ ಯಾದಗಿರಿ ಸೀಮೆಯ ಥಂಡಿ ಎಷ್ಟರದು? ಮೇ ತಿಂಗಳಲ್ಲಿ 40 ಡಿಗ್ರಿ ದಾಟಿ ಕುದಿಯುವ ಮೈಗೆ ಪುಷ್ಯದ ಗಾಳಿ ಚುಚ್ಚುವುದು ನಿಜ. ಆದರೆ ಡೀಸೆಲ್‌ಗೆ ಅದು ಲೆಕ್ಕಕ್ಕಿಲ್ಲ. ಬಂಕಿನ ಮಾಮೂಲಿ ಡೀಸೆಲ್ ಕೂಡ ಚಳಿಗಾಲದಲ್ಲಿ 3 ಡಿಗ್ರಿಯವರೆಗೆ ಹರಿಯಬೇಕೆಂಬುದು ನಿಯಮ. ನಿಜವಾದ ಥಂಡಿ ಲಡಾಖಿನದು. ಮೈನಸ್ 33 ಡಿಗ್ರಿಯಲ್ಲೂ ಹೆಪ್ಪುಗಟ್ಟದ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಅಲ್ಲಿಗೆಂದೇ ತಂದಿತು.

ಹಾಗಂತ ಬೆಳಗಿನ ಇಂಜಿನ್ನಿಗೆ ಕಷ್ಟವೇ ಇಲ್ಲ ಎಂದಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಅದುಮಿದಾಗ ಹುಟ್ಟುವ ಬಿಸಿಗೇ ಎಣ್ಣೆ ಹೊತ್ತಿಕೊಳ್ಳಬೇಕು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಸುಡುವುದಿಲ್ಲವೇ, ಹಾಗೆ. ತಣ್ಣಗಿರುವ ಸಿಲಿಂಡರಿನ ಗೋಡೆ ಆ ಬಿಸಿಯನ್ನು ಹೀರುತ್ತದೆ. ಉರಿಯದೆ ಉಳಿದ ಡೀಸೆಲ್ ಬಿಳಿ ಹೊಗೆಯಾಗಿ ಹೊರಬೀಳುತ್ತದೆ. ಇಂಜಿನ್ ಆಯಿಲ್ಲೂ ಮಂದವಾಗಿರುತ್ತದೆ, ಟರ್ಬೊದ ಬೇರಿಂಗ್‌ವರೆಗೆ ಏರಲು ಅದಕ್ಕೆ ತುಸು ಹೊತ್ತು ಬೇಕು. ಕೀಲಿ ತಿರುವಿದ ಕೂಡಲೇ ಎಕ್ಸಲೇಟರ್ ತುಳಿಯುವವನು ಗಾಡಿಯ ವೈರಿ. ಆದರೆ ಇದಕ್ಕೆಲ್ಲ ಎರಡು ಮೂರು ನಿಮಿಷ ಸಾಕು. ಮುಂದಿನ ಬಿಸಿ ದುಡಿಮೆಯಿಂದ ಬರಬೇಕು. ನಿಂತಲ್ಲೇ ಓಡುವ ಡೀಸೆಲ್ ಇಂಜಿನ್ ಎಳೆದುಕೊಳ್ಳುವ ಗಾಳಿ ಹೆಚ್ಚು, ಸುಡುವ ಎಣ್ಣೆ ಕಮ್ಮಿ. ಕಾಯುವುದು ತೀರಾ ನಿಧಾನ. ಆ ಹೊತ್ತಿನಲ್ಲಿ ಅರೆಬೆಂದ ಡೀಸೆಲ್ ಸಿಲಿಂಡರಿನ ಆಯಿಲ್ ಪೊರೆಯನ್ನು ತೊಳೆದು ಕೆಳಗಿಳಿಸುತ್ತದೆ. 2020ರ ನಂತರದ ಬಿಎಸ್-6 ಗಾಡಿಗಳಲ್ಲಾದರೆ ಹೊಗೆಕೊಳವೆಯ ಫಿಲ್ಟರಿಗೆ ಮಸಿ ಬೇರೆ.

ನಮ್ಮ ಭಾಷೆಯೇ ಇಲ್ಲೊಂದು ಚೇಷ್ಟೆ ಮಾಡಿದೆ. ಹಾಲು ಕಾಯುತ್ತದೆ, ಬಸ್ಸಿಗೆ ನಾವು ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಬಿಸಿಯಾಗುವುದು, ದಾರಿ ನೋಡುವುದು, ರಕ್ಷಿಸುವುದು ಮೂರಕ್ಕೂ ಒಂದೇ ರೂಪ. ಗಾಡಿ ಕಾಯಲಿ ಎಂದು ಕಾಯುತ್ತ ಕೂತವನಿಗೆ ಗಾಡಿಯನ್ನು ಕಾಯುತ್ತಿದ್ದೇನೆ ಅನ್ನಿಸುವುದು ಸಹಜ. ನಿಜಾಮರ ಕಾಲದ ‘ಗರಂ’ ಈ ಗೊಂದಲದಿಂದ ದೂರ. ಕಲಬುರಗಿ ಕಡೆಯ ಡ್ರೈವರುಗಳು ಅದನ್ನೇ ಉಳಿಸಿಕೊಂಡದ್ದು ಜಾಣತನವೇ ಇರಬೇಕು.

ಈ ರೂಢಿ ಉಸ್ತಾದನಿಂದ ಕ್ಲೀನರಿಗೆ ಇಳಿದು ಬಂದದ್ದು. ಉಸ್ತಾದ ಸುಳ್ಳು ಹೇಳಿರಲಿಲ್ಲ. ಅವನ ಕಾಲದ ಆಯಿಲ್ ಬೇರೆ, ಪಂಪ್ ಬೇರೆ, ಸೊರಗಿದ ಬ್ಯಾಟರಿಯನ್ನು ನಂಬಲಾಗದೆ ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಿ ಮಲಗುತ್ತಿದ್ದ. ಗಾಡಿ ಬದಲಾಯಿತು, ಪಾಠ ಹಾಗೇ ಉಳಿಯಿತು.

ಬೆಳಿಗ್ಗೆ ನಿಲ್ಲಲೇಬೇಕಾದ ಕಾರಣ ಇನ್ನೊಂದಿದೆ: ಏರ್. ಲಾರಿಯ ಬ್ರೇಕು ಗಾಳಿಯ ಒತ್ತಡದಿಂದ ಹಿಡಿಯುವಂಥದ್ದು. ರಾತ್ರಿ ಟ್ಯಾಂಕಿನಿಂದ ಗಾಳಿ ಸೋರಿದ್ದರೆ ಇಂಜಿನ್ ಓಡಿಸಿ ತುಂಬಿಸಿಕೊಳ್ಳದೆ ಹೊರಡುವಂತಿಲ್ಲ. ಹತ್ತಿ ಅಂಡಿಗೆ ಹೇರಿಕೊಂಡು ಲಿಂಗಸುಗೂರಿನತ್ತ ಹೊರಟವನು ತಿಂಥಣಿಯಲ್ಲಿ ಕೃಷ್ಣೆ ದಾಟಬೇಕು, ಬ್ರೇಕಿಲ್ಲದೆ ಆಗದು. ಇದು ಇಂಜಿನ್ನಿನ ಥಂಡಿಗಲ್ಲ, ಜೀವಕ್ಕಾಗಿ ಕಾಯುವುದು. ಅದಕ್ಕೂ ಕೆಲವು ನಿಮಿಷ ಸಾಕು. ಅರ್ಧ ತಾಸು ಹಿಡಿಯುತ್ತಿದ್ದರೆ ಪೈಪೋ ವಾಲ್ವೋ ಸೋರುತ್ತಿದೆ, ಗ್ಯಾರೇಜಿಗೆ ಒಯ್ಯಿರಿ.

ಏರ್ ಮುಳ್ಳು ಮೇಲೆದ್ದು ಬಜರ್ ನಿಂತಿತೋ, ಮೆಲ್ಲಗೆ ಗೇರ್ ಹಾಕಿ ಹೊರಡಿ. ಸುರಪುರದ ಗುಡ್ಡ ಕಾಣುವ ಮೊದಲೇ ಇಂಜಿನ್ ಕಾದಿರುತ್ತದೆ.