ಕೂಸಿನ ಕುಲಾವಿಗೆ ಮಣಿ ಯಾಕ, ಲಾಡಿ ಯಾಕ?

ಮೊದಲ ಹೇಳಿಬಿಡ್ತೀನಿ, ಇದನ್ನ ಓದಿ ನಮ್ಮ ಬಳಗದಾಗ ಇಬ್ಬರು ಮೂವರು ಸಿಟ್ಟಾಗೋದು ಖರೆ. ಆಗ್ಲಿ. ಮೂವತ್ತು ವರ್ಷದಿಂದ ಈ ಕೈಯಾಗ ಕ್ರೋಶಾ ಸೂಜಿ ಹಿಡಿದೀನಿ. ಬಳಗದಾಗ ಎಷ್ಟು ಕೂಸು ಹುಟ್ಯಾವೋ ಅಷ್ಟಕ್ಕೂ ಹೆಚ್ಚು ಕುಲಾವಿ ಹಾಕಿಕೊಟ್ಟೀನಿ. ಹಂಗಾಗಿ ಈ ಮಾತು ಆಡ್ಲಿಕ್ಕೆ ನಂಗ ಹಕ್ಕದ ಅಂತ ತಿಳ್ಕೊಂಡೀನಿ. ಬೈಯೋದಿದ್ರೂ ಮೊದಲು ನನ್ನನ್ನ ನಾನ ಬೈಕೋತೀನಿ, ಆಮ್ಯಾಲೆ ನಿಮ್ಮ ಪಾಳಿ.

ನನ್ನ ಮಾತು ಇಷ್ಟ: ಸಣ್ಣ ಕೂಸಿನ ಕುಲಾವಿಗೆ ಮಣಿ ಬ್ಯಾಡ, ಗುಂಡಿ ಬ್ಯಾಡ, ಗದ್ದದ ಕೆಳಗ ಕಟ್ಟೋ ಲಾಡಿ ಬ್ಯಾಡ. ಮಲಗಿದ ಕೂಸಿನ ತಲಿ ಮ್ಯಾಲೆ, ಮನಿಯೊಳಗ, ಕುಲಾವೀನ ಬ್ಯಾಡ.

ಹೋದ ವರ್ಷ ಅಣ್ಣನ ಮೊಮ್ಮಗನ ಜಾವಳ ಇತ್ತು. ಕೂಸಿಗೆ ಹನ್ನೊಂದು ತಿಂಗಳು. ಜಾವಳ ತಗದ ಮ್ಯಾಲೆ ಬೋಳು ತಲಿಗೆ ಥಂಡಿ ಹತ್ತತದ, ಅತ್ಯಾ ನೀವ ಒಂದು ಟೊಪಗಿ ಹಾಕ್ರಿ ಅಂತ ಸೊಸಿ ಫೋನ್ ಮಾಡಿದ್ಲು. ನಂಗ ಹುರುಪು ಬಂತು. ಪೇಟ್ಯಾಗಿನ ಛಲೋ ಅಂಗಡಿ ಹುಡುಕಿ ನವಿರು ನವಿರು ಕೂದಲಿದ್ದಂಥ ಉಲ್ಲನ್ ತಂದೆ. ನಾಲ್ಕು ದಿನ ರಾತ್ರಿ ಕೂತು ಹಾಕಿದೆ. ಕಿವಿ ಮ್ಯಾಲೆ ಐದು ಎಸಳಿನ ಹೂವು, ಹೂವಿನ ನಡುವ ಮುತ್ತಿನ ಮಣಿ, ಸುತ್ತಲ ಅಂಚಿಗೂ ಸಣ್ಣ ಸಣ್ಣ ಮಣಿ, ಎರಡೂ ಬದಿಗೆ ಸ್ಯಾಟಿನ್ ರಿಬ್ಬನ್. ಜಾವಳದ ದಿವಸ ಎಲ್ಲಾರೂ ಎತ್ತಿಕೊಂಡು ನೋಡಿದ್ದ ನೋಡಿದ್ದು. ಫೋಟೋ ತಗದದ್ದ ತಗದದ್ದು. ನಾನೂ ಉಬ್ಬಿ ಹೋದೆ, ಸುಳ್ಳ ಯಾಕ ಹೇಳ್ಲಿ.

ಮಧ್ಯಾಹ್ನ ಹೆಣ್ಣುಮಕ್ಕಳ ಪಂಕ್ತಿ ಕೂತಿತ್ತು. ಕೂಸನ್ನ ಒಳಗ ಕೋಣ್ಯಾಗ ಕುಲಾವಿ ಸಮೇತ ಮಲಗಿಸಿದ್ವಿ, ಮ್ಯಾಲೊಂದು ದುಪಟಿ. ಹೋಳಿಗಿ ಬಡಿಸೋ ಹೊತ್ತಿಗೆ ಸೊಸಿ ಯಾಕೋ ಎದ್ದು ಒಳಗ ಹೋದ್ಲು. ಹೋದಾಕಿ ಚೀರಿದ್ಲು. ಎಲಿ ಬಿಟ್ಟು ಓಡಿದ್ವಿ. ಕೂಸಿನ ಮಾರಿ ಕೆಂಪಗ ಆಗಿತ್ತು, ಕುತ್ತಿಗಿ ಬೆವರಿಂದ ತೊಯ್ದಿತ್ತು. ಕುಲಾವಿ ಹಿಂದ ಜರುಗಿ ರಿಬ್ಬನ್ ಗಂಟಲಿಗೆ ಬಿಗದಿತ್ತು. ರಿಬ್ಬನ್ ಬಿಚ್ಚಿದ ಕೂಡಲೇ ಅದು ಅಳ್ಲಿಕ್ಕೆ ಬಾಯಿ ತಗದಾಗ, ನಾಲಿಗಿ ಮ್ಯಾಲೆ ಬೆಳ್ಳಗ ಒಂದು ಮಣಿ ಕಾಣಿಸ್ತು. ನನ್ನ ಮಣಿ. ಸೊಸಿ ಬೊಗ್ಗಿಸಿ ಹಿಡಿದ್ಲು, ಹೊರಗ ಬಿತ್ತು.

ದೇವರ ದಯಾ, ಏನೂ ಆಗ್ಲಿಲ್ಲ. ಅರ್ಧ ತಾಸಿನಾಗ ಕೂಸು ನಗಲಿಕ್ಕೆ ಹತ್ತಿತು. ವೈನಿ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತಗದ್ರು. “ಇಷ್ಟು ಛಂದ ಕಂಡ್ರ ದೃಷ್ಟಿ ಆಗದ ಇರ್ತದೇನ?” ಅಂದ್ರು. ಎಲ್ಲಾರೂ ಹೌದು ಹೌದು ಅಂದ್ರು. ನಾನೂ ತಲಿ ಅಲ್ಲಾಡಿಸಿದೆ. ಆದ್ರ ಆ ಮಣಿ ನನ್ನ ಸೆರಗಿನ ತುದಿಯಾಗ ಕಟಿಗೊಂಡು ಮನಿಗೆ ಬಂದೆ. ದೃಷ್ಟಿ ಯಾರದೂ ಆಗಿರಲಿಲ್ರಿ. ಆ ಮಣಿ ಹೊಲದ ದಾರ ನಂದು, ಆ ಗಂಟು ಸಡಲ ಬಿಟ್ಟ ಕೈ ನಂದು.

ಅವತ್ತ ಬಾಯಿ ಬಿಡಲಿಲ್ಲ. ಅದಕ್ಕ ಇವತ್ತ ಬರೀಲಿಕ್ಕೆ ಹತ್ತೀನಿ.

ವೈನಿಯಾರು ಕೇಳೋ ಮೊದಲನೇ ಪ್ರಶ್ನಿ ನಂಗ ಗೊತ್ತದ. “ನಮ್ಮ ಕಾಲದಾಗ ಕುಲಾವಿ ಇರಲಿಲ್ಲೇನು? ಕಸಿ ಇರಲಿಲ್ಲೇನು? ನೀವೆಲ್ಲಾ ಬದುಕಿ ಬೆಳೀಲಿಲ್ಲೇನು?” ಇತ್ತು ವೈನಿ, ಎಲ್ಲಾ ಇತ್ತು. ಕುಂಚಿಗಿ ಇತ್ತು, ಕಸಿ ಅಂಗಿ ಇತ್ತು. ಆದ್ರ ಆ ಕುಂಚಿಗಿ ಯಾತರದ್ದು? ಅಜ್ಜಿಯ ಹಳೀ ಇಳಕಲ್ ಸೀರಿಯದ್ದು, ಒಗದು ಒಗದು ಹೂವಿನಂಗ ಮೆತ್ತಗಾದ ಹತ್ತಿ ಅರಿವಿಯದ್ದು. ಬೆವರು ಹೀರ್ತಿತ್ತು, ಗಾಳಿ ಆಡ್ತಿತ್ತು. ಇವತ್ತಿನ ಉಲ್ಲನ್ ಅಂತ ನಾವು ತರೋದ್ರಾಗ ಬಹಳಷ್ಟು ಅಕ್ರಿಲಿಕ್, ಅಂದ್ರ ಪ್ಲಾಸ್ಟಿಕ್ಕಿನ ಬಳಗದ ನೂಲು. ಅದು ಬೆವರು ಹೀರೋದಿಲ್ಲ. ಇನ್ನೊಂದು, ಅವಾಗ ಕೂಸು ಒಬ್ಬಂಟಿ ಇರ್ತಿತ್ತೇನು? ಅಜ್ಜಿ ತೊಡಿ ಮ್ಯಾಲೆ, ಇಲ್ಲಾ ಮೌಶಿ ಹೆಗಲ ಮ್ಯಾಲೆ, ಇಲ್ಲಾ ನಡುಮನಿ ತೊಟ್ಟಿಲದಾಗ. ಹೋಗೋರು ಬರೋರು ಹತ್ತು ಕಣ್ಣು ಅದರ ಮ್ಯಾಲೆ. ಈಗ ಕೋಣಿ ಬಾಗಲಾ ಹಾಕಿ, ಫ್ಯಾನ್ ಹಚ್ಚಿ, ಫೋನ್ ಹಿಡಕೊಂಡು ಹೊರಗ ಕೂಡ್ತೀವಿ. ಪದ್ಧತಿ ಅರ್ಧ ಉಳಿಸ್ಕೊಂಡು ಅರ್ಧ ಬಿಟ್ರ ಅದು ಪದ್ಧತಿ ಹೆಂಗಾಗ್ತದ?

ಮತ್ತ, ಅವಾಗ ಏನೂ ಆಗ್ತಿರಲಿಲ್ಲ ಅನ್ನೋ ಮಾತನ್ನ ಸ್ವಲ್ಪ ನಿಂತು ಆಡೋಣ. ನಮ್ಮ ಅಜ್ಜಿಯಾರು ಹಡದದ್ದು ಎಷ್ಟು, ಉಳಿದದ್ದು ಎಷ್ಟು? ಎಲ್ಲಾದಕ್ಕೂ ಬಾಲಗ್ರಹ, ದೃಷ್ಟಿ ಅಂತ ಹೇಳಿ ಕಣ್ಣೊರಿಸ್ಕೊಂಡ್ರು, ಪಾಪ. ಅವರಿಗೆ ಹೇಳೋರು ಇರಲಿಲ್ಲ. ನಮಗ ಹೇಳೋರಿದ್ದೂ ಕೇಳದಿದ್ರ ಅದು ಬ್ಯಾರೆ ಮಾತು.

ಹಂಗಂತ ಕುಲಾವಿನ ಬ್ಯಾಡ ಅಂತ ನಾ ಹೇಳೋದಿಲ್ಲ. ಆಗ ತಾನ ಹುಟ್ಟಿದ ಕೂಸಿಗೆ ಕುಲಾವಿ ಬೇಕ ಬೇಕು. ಅದರ ಮೈಯೊಳಗ ತಲಿಯ ಪಾಲ ದೊಡ್ಡದು, ಒದ್ದಿ ತಲಿಯಿಂದ ಕಾವು ಲಗೂನ ಹೋಗ್ತದ. ತೂಕ ಕಡಿಮಿ ಇದ್ದ ಕೂಸನ್ನ ತಾಯಿ ಎದಿಗೆ ಬರೇ ಮೈಲೆ ಹಚ್ಚಿ ಇಡೋ ಕಾಂಗರೂ ಆರೈಕಿ ಅದ ಅಲ್ಲ? ಕೊಲಂಬಿಯಾ ದೇಶದ ಬೊಗೊಟಾ ಊರಾಗ 1978ರ ಸುಮಾರಿಗೆ ಶುರು ಆದದ್ದು, ಈಗ ನಮ್ಮ ಸರ್ಕಾರಿ ದವಾಖಾನಿಯೊಳಗೂ ಮಾಡಸ್ತಾರ. ಅದರಾಗೂ ಕೂಸಿಗೆ ಕುಲಾವಿ, ಕಾಲಚೀಲ ಹಾಕೇ ಹಾಕ್ತಾರ. ಮುಂಜಾನಿ ಥಂಡಿಯೊಳಗ ಹೊರಗ ಒಯ್ಯೋವಾಗ, ಮಳಿಗಾಲದ ಗಾಳಿಯೊಳಗ, ಬಸ್ಸಿನ ಕಿಡಕಿ ಹತ್ತರ ಕೂತಾಗ, ಹಾಕ್ರಿ. ಧಾರವಾಡದ ಮಾಗಿ ಚಳಿ ಕಂಡೋರಿಗೆ ನಾ ಏನು ಹೇಳ್ಲಿ.

ನಾ ಹೇಳೋದು ಮನಿಯೊಳಗ ಮಲಗಿದಾಗಿನ ಮಾತು. ಸಣ್ಣ ಕೂಸಿನ ಮೈಗೆ ಕಾವು ಹೆಚ್ಚಾದ್ರ ತಲಿ, ಮಾರಿಯಿಂದನ ಅದು ಹೊರಗ ಹೋಗಬೇಕು. ಮೈತುಂಬ ಅರಿವಿ, ಮ್ಯಾಲೆ ದುಪಟಿ, ತಲಿಗೆ ಉಲ್ಲನ್, ಬಾಜೂಕ ಅಗ್ಗಿಷ್ಟಿಗಿ. ಕಾವು ಎಲ್ಲಿಂದ ಹೋಗಬೇಕು? ಹುಟ್ಟಿದ ಮೊದಲ ತಾಸುಗಳು ಮತ್ತ ದವಾಖಾನಿಯ ವಿಶೇಷ ಆರೈಕಿ ಬಿಟ್ರ ಮನಿಯೊಳಗ ಕೂಸಿಗೆ ಟೊಪಗಿ ಹಾಕಬ್ಯಾಡ್ರಿ ಅಂತ ಅಮೆರಿಕಾದ ಮಕ್ಕಳ ಡಾಕ್ಟರ ಸಂಘ 2022ರಾಗ ಹೇಳ್ಯಾರ. ನನ್ನ ಮಗಳು ಓದಿ ತೋರಿಸಿದ್ಲು. “ಅವರದು ಥಂಡಿ ದೇಶ, ನಮ್ಮದಕ್ಕ ಹೆಂಗ ಹೊಂದತದ” ಅಂದ್ರು ನೆಗೆಣ್ಣಿ. ಅಲ್ಲರೀ, ಥಂಡಿ ದೇಶದವ್ರ ಮನಿಯೊಳಗ ಬ್ಯಾಡ ಅಂದಾಗ, ವೈಶಾಖದ ಬಿಸಲಾಗ ಬೇಯೋ ನಮಗ ಬೇಕೇನು?

“ಕೈಕಾಲು ಥಣ್ಣಗ ಅವ, ಅದಕ್ಕ ಹಾಕೀನಿ” ಅಂತೀರಿ. ಸಣ್ಣ ಕೂಸಿನ ಕೈಕಾಲು ಸ್ವಲ್ಪ ಥಣ್ಣಗ ಇರೋದ. ಕುತ್ತಿಗಿ ಹಿಂದ, ಇಲ್ಲಾ ಎದಿ ಮ್ಯಾಲೆ ಕೈ ಇಟ್ಟು ನೋಡ್ರಿ. ಅಲ್ಲಿ ಬೆಚ್ಚಗಿದ್ರ ಕೂಸು ಬೆಚ್ಚಗದ. ಬೆವರಿದ್ರ ಒಂದು ಅರಿವಿ ತಗೀರಿ.

ಇನ್ನ ಮಣಿ, ಲಾಡಿ. ಮೂರು ವರ್ಷದೊಳಗಿನ ಮಕ್ಕಳ ಆಟಗಿ ಸಾಮಾನು ಪರೀಕ್ಷಾ ಮಾಡೋವಾಗ ಸುಮಾರು 3.17 ಸೆಂ.ಮೀ. ಅಗಲದ ಒಂದು ಗಿಡ್ಡ ಕೊಳವಿ ಇಟ್ಟಿರ್ತಾರಂತ. ಅದರೊಳಗ ಪೂರಾ ಹೊಕ್ಕೋ ಅಂಥ ಯಾವ ತುಂಡೂ ಕೂಸಿನ ಗಂಟಲಾಗ ಸಿಗಬಹುದು ಅಂತ ಲೆಕ್ಕ. ನಮ್ಮ ಮಣಿ, ಗುಂಡಿ ಎಲ್ಲಾ ಅದರಾಗ ಸರಳ ಹೊಕ್ಕಾವು. ಲಾಡಿ ಮಾತಂತೂ ಹಳೇದು. ಸಣ್ಣ ಹುಡುಗರ ಅಂಗಿಯ ಟೊಪಗಿಗೆ, ಕೊರಳಿಗೆ ಎಳದು ಕಟ್ಟೋ ಲಾಡಿ ಇಡಬ್ಯಾಡ್ರಿ ಅಂತ ಅಮೆರಿಕಾದಾಗ ಹೊಲಿಯೋರಿಗೆ 1996ರಾಗನ ಸೂಚನಾ ಕೊಟ್ಟಾರ. ದೊಡ್ಡ ದೊಡ್ಡ ಕಾರಖಾನಿಯವರಿಗೆ ಹೇಳಿದ್ದ ಮಾತು, ಮನಿಯೊಳಗ ಪ್ರೀತಿಯಿಂದ ಹೆಣಿಯೋರಿಗೆ ಹತ್ತೋದಿಲ್ಲೇನು? ಪ್ರೀತಿಯಿಂದ ಹೊಲದ ಮಣಿ ಗಂಟಲಾಗ ಸಿಕ್ಕೋದಿಲ್ಲ ಅಂತ ಎಲ್ಲೆ ಬರದಿಲ್ಲ.

“ಹಂಗಾದ್ರ ಅಂಗಡ್ಯಾಗಿಂದ ತರೋಣ, ಕೆಲಸ ಉಳೀತದ” ಅನ್ನೋರಿಗೂ ನನ್ನದೊಂದು ಮಾತದ. ಅಂಗಡಿಯದಕ್ಕೂ ಮ್ಯಾಲೊಂದು ಗೊಂಡ್ಯಾ, ಬದಿಗೆ ಗೊಂಬಿ ಕಣ್ಣು, ಅಂಟು ಹಚ್ಚಿ ಕೂಡಿಸಿದ್ದು. ಆ ಗೊಂಡ್ಯಾದ ಎಳಿ ಕಿತ್ತು ಕಿತ್ತು ಕೂಸಿನ ಮುಷ್ಟಿಯಾಗ, ಬಾಯಾಗ. ಮನ್ಯಾಗ ಹೆಣದದ್ದರ ದೊಡ್ಡ ಗುಣ ಏನಂದ್ರ, ಒಳಗ ಏನದ, ಎಲ್ಲೆ ಗಂಟದ ಅನ್ನೋದು ಹೆಣದಾಕಿಗೆ ಗೊತ್ತಿರ್ತದ. ಆ ಗುಣಾನ ಬಿಟ್ಟು ಅಂಗಡಿ ಝಗಮಗ ನಕಲು ಮಾಡ್ಲಿಕ್ಕೆ ಹೋದ್ರ ನಾವು ಸೂಜಿ ಹಿಡಿಯೋದಾದ್ರೂ ಯಾಕ?

ಈಗ ನಾ ಹಾಕೋ ಕುಲಾವಿ ಹಿಂಗದ. ಹತ್ತಿ ನೂಲು, 3 ಇಲ್ಲಾ 3.5 ಎಂ.ಎಂ. ಸೂಜಿ. ಕೂಸಿನ ಹುಬ್ಬಿನ ಮ್ಯಾಲಿಂದ ತಲಿ ಸುತ್ತ ಟೇಪು ಹಿಡೀರಿ. ವರ್ಷದ ಕೂಸಿಗೆ 45 ಸೆಂ.ಮೀ. ಬಂತು ಅನ್ರಿ, ಹೆಣಿಕಿ ಜಗ್ಗತದ ಅಂತ 2 ಸೆಂ.ಮೀ. ಬಿಟ್ಟು 43 ಹಿಡೀರಿ. ಅದನ್ನ 3.14ರಿಂದ ಭಾಗಿಸಿದ್ರ ಸುಮಾರು 13.7. ನಡುನೆತ್ತಿಯ ಚಕ್ಕರ ಅಷ್ಟು ಅಗಲ ಆಗಬೇಕು. ಮೊದಲನೇ ಸುತ್ತಿಗೆ 12 ಕಂಬ, ಎರಡನೇದಕ್ಕ ಒಂದೊಂದರಾಗ ಎರಡೆರಡು ಹಾಕಿ 24, ಆಮ್ಯಾಲೆ 36, 48. ಹಿಂಗ ಸುತ್ತಿಗೆ 12 ಹೆಚ್ಚು ಮಾಡ್ಕೋತ ಹೋಗ್ರಿ. ಚಕ್ಕರ ಬಟ್ಟಲದಂಗ ಮುದುಡಿದ್ರ ಕಂಬ ಕಡಿಮಿ ಆಗ್ಯಾವ, ಜಾಲರಿಯಂಗ ನೆರಿಗಿ ಬಿದ್ರ ಹೆಚ್ಚಾಗ್ಯಾವ. ಅಗಲ ಬಂದ ಮ್ಯಾಲೆ ಹೆಚ್ಚು ಮಾಡದ, ಇದ್ದಷ್ಟ ಕಂಬ ಹಾಕ್ಕೋತ ಕೆಳಗ ಇಳೀರಿ. ನೆತ್ತಿಯಿಂದ ಅಂಚಿನ ತನಕ ಸುಮಾರು 17 ಸೆಂ.ಮೀ. ಆದ್ರ ಸಾಕು.

ಕಡೀಕ ಉಳಿದ ನೂಲಿನ ತುದಿಯನ್ನ ಹೊಲಗಿ ಸೂಜಿಲೆ ಹಿಂದ ಮುಂದ ಮೂರು ಸಲ ನೇಯ್ದು ಮುಚ್ಚರಿ. ಒಳಬದಿಗೆ ಸಡಲ ಎಳಿ ಬಿಟ್ರ ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತ ನಿಲ್ಲಸ್ತದ. ಅಲಂಕಾರ ಬೇಕೇನು? ಬಣ್ಣ ಬದಲಿ ಮಾಡಿ ಪಟ್ಟಿ ಹಾಕ್ರಿ, ಅಂಚಿಗೆ ಸಿಂಪಿ ಹಾಕ್ರಿ. ಹೆಣಿಕಿಯೊಳಗನ ಇರೋ ಛಂದ ಕಿತ್ತು ಬಾಯಿಗೆ ಬರೋದಿಲ್ಲ. ಕೊಡೋಕಿಂತ ಮೊದಲು ಒಮ್ಮೆ ಒಗೀರಿ, ನೆರಳಾಗ ಹಾಸಿ ಒಣಗಸ್ರಿ.

ನನ್ನ ತಕರಾರು ಕುಲಾವಿ ಮ್ಯಾಲೂ ಅಲ್ಲ, ವೈನಿ ಮ್ಯಾಲೂ ಅಲ್ಲ. ನಾವು ಯಾರ ಸಲುವಾಗಿ ಹೆಣೀತೀವಿ ಅನ್ನೋದ್ರ ಮ್ಯಾಲದ. ಆ ನಾಲ್ಕು ರಾತ್ರಿ ನಾ ಕೂಸಿನ ಸಲುವಾಗಿ ಹೆಣೀಲಿಲ್ಲ. ನಾಲ್ಕು ಮಂದಿ “ಎಷ್ಟು ಛಂದ ಹಾಕ್ಯಾಳ” ಅನ್ಲಿ ಅಂತ ಹೆಣದೆ. ಕೂಸಿಗೆ ಏನು ಗೊತ್ತು ಮುತ್ತು, ಹೂವು? ಅದಕ್ಕ ಚುಚ್ಚಬಾರದು, ಬಿಗೀಬಾರದು, ಬೆವರಬಾರದು. ಅಷ್ಟ.

ಈ ಕಾರ್ತೀಕದಾಗ ಅದ ಹುಡುಗಗ ಇನ್ನೊಂದು ಹಾಕಿಕೊಟ್ಟೆ. ಬಿಳಿ ಹತ್ತಿ ನೂಲು, ಎರಡು ಹಸರ ಪಟ್ಟಿ. ವೈನಿ ತಿರುವಿ ತಿರುವಿ ನೋಡಿ, “ಏನವಾ, ಈ ಸಲ ಕೈ ಬಿಗಿ ಮಾಡೀಯಲ್ಲ, ಒಂದು ಮಣಿನೂ ಇಲ್ಲ” ಅಂದ್ರು. ಸೊಸಿ ನನ್ನ ಮಾರಿ ನೋಡಿದ್ಲು, ನಾ ಅಕಿ ಮಾರಿ ನೋಡಿದೆ. ಹೊರಗ ಹೋಗೋವಾಗ ಹಾಕಿದ್ಲು, ಮನಿಗೆ ಬಂದ ಕೂಡಲೇ ತಗದು ಗೂಟಕ್ಕ ಹಾಕಿದ್ಲು. ನಂಗ ಅಷ್ಟ ಸಾಕಾತು.

ವೈನಿ, ಇದನ್ನ ಓದಿ ಸಿಟ್ಟು ಬಂದಿದ್ರ ಸೀದಾ ಮನಿಗೆ ಬರ್ರಿ. ಚಹಾ ಕುಡಕೋತ ಜಗಳಾ ಆಡೋಣ. ಬರೋವಾಗ ಹಳೀ ಕುಲಾವಿ ಇದ್ರ ತರ್ರಿ, ಮಣಿ ನಾನ ಬಿಚ್ಚಿಕೊಡ್ತೀನಿ.